ಮುಪ್ಪು ಮತ್ತು ಮನೆ

ಒಂದೇ ಮನೆಯಲ್ಲಿ ಐವತ್ತು ವರ್ಷ ಬಾಳಿದವರಿಗೆ ಆ ಮನೆಯನ್ನು ಕಾಣಲು ಕಣ್ಣು ಬೇಕಾಗುವುದಿಲ್ಲ. ನಡುರಾತ್ರಿಯಲ್ಲಿ ದೀಪ ಆರಿಹೋದರೂ ಹೊಸ್ತಿಲು ಎಲ್ಲಿದೆ, ನೀರಿನ ಕೊಡ ಎಲ್ಲಿದೆ, ಯಾವ ಮೆಟ್ಟಿಲು ಉಳಿದವುಗಳಿಗಿಂತ ತುಸು ಎತ್ತರವಾಗಿದೆ, ಯಾವ ಕದ ಅರ್ಧಕ್ಕೆ ನಿಂತು ಕಿರುಗುಟ್ಟುತ್ತದೆ ಎಂಬುದೆಲ್ಲ ಅವರ ಕೈಕಾಲುಗಳಿಗೆ ತಿಳಿದಿರುತ್ತದೆ. ಹೊಸಬರು ಎಡವುವ ಕಡೆಯಲ್ಲಿ ಅವರು ಸಲೀಸಾಗಿ ನಡೆದುಹೋಗುತ್ತಾರೆ. ಆದರೆ ಮನೆ ಇದ್ದಂತೆಯೇ ಇರುತ್ತದೆ. ದೇಹ ಇದ್ದಂತೆ ಇರುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಎಣಿಕೆಗೇ ಬಾರದಿದ್ದ ಹೊಸ್ತಿಲು ಎಪ್ಪತ್ತರಲ್ಲಿ ಬೆಟ್ಟವಾಗಿ ನಿಲ್ಲುತ್ತದೆ. ಕಾಲಿಗೆ ಹಿತವಾಗಿದ್ದ ಬಚ್ಚಲಿನ ನುಣುಪುಗಲ್ಲು ಭಯದ ತಾಣವಾಗುತ್ತದೆ. ಕೈಚಾಚಿದರೆ ಸಿಗುತ್ತಿದ್ದ ಮಾಡದೊಳಗಿನ ಡಬ್ಬಿ ಕೈಗೆಟುಕದ ದೂರಕ್ಕೆ ಸರಿಯುತ್ತದೆ.

ಹಾಗಾದರೆ ಮುಪ್ಪಿನ ಕಾಲಕ್ಕೆ ಮನೆ ಹೇಗಿರಬೇಕು? ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಮಕ್ಕಳು ಒಂದು ಉತ್ತರ ಹೇಳುತ್ತಾರೆ. ವೈದ್ಯರು ಇನ್ನೊಂದನ್ನು ಹೇಳುತ್ತಾರೆ. ಗಾರೆಯ ಕೆಲಸದವನು ತನ್ನ ಬಳಿ ಇರುವ ಸಾಮಾನಿಗೆ ಹೊಂದುವ ಮೂರನೆಯದನ್ನು ಸೂಚಿಸುತ್ತಾನೆ. ಎಲ್ಲರನ್ನೂ ಕೇಳಿದ ಮೇಲೆ ಕೇಳದೆ ಉಳಿಯುವವರು ಒಬ್ಬರೇ. ಅವರು ಆ ಮನೆಯಲ್ಲಿ ಹಗಲಿರುಳು ಕಳೆಯಬೇಕಾದ ಹಿರಿಯರು. ಮುಪ್ಪಿನ ಮನೆಯ ಸಮಸ್ಯೆಯ ಮೂಲವಿರುವುದು ಕಲ್ಲುಮಣ್ಣಿನಲ್ಲಿ ಮಾತ್ರವಲ್ಲ, ಈ ಕೇಳದಿರುವಿಕೆಯಲ್ಲಿಯೂ ಇದೆ.

ಈ ಮಾತನ್ನು ವಿಚಾರ ಮಾಡಲು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ತಕ್ಕ ಊರು. ತುಂಗಭದ್ರಾ ಅಣೆಕಟ್ಟಿನ ಎಡದಂಡೆಯಲ್ಲಿ ಇರುವ ಈ ಊರಿನ ಬದುಕು ಅಣೆಕಟ್ಟಿನ ಜೊತೆಗೇ ಬೆಳೆದುಬಂದಿದೆ. ಅಣೆಕಟ್ಟಿಗೆ 1945ರ ಫೆಬ್ರವರಿ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಆಗ ಎಡದಂಡೆ ಹೈದರಾಬಾದ್ ಸಂಸ್ಥಾನಕ್ಕೂ ಬಲದಂಡೆ ಮದ್ರಾಸ್ ಪ್ರಾಂತಕ್ಕೂ ಸೇರಿದ್ದಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮಳೆಯನ್ನೇ ನಂಬಿದ್ದ ನೆಲಕ್ಕೆ ನೀರು ಬಂದಿತು. ಗಂಗಾವತಿಯ ಸೀಮೆ ಭತ್ತದ ಕಣಜವೆಂಬ ಹೆಸರು ಪಡೆಯಿತು. ಆ ಲಾಭ ದೊಡ್ಡದು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ನೀರಿನ ಅಡಿಯಲ್ಲಿ ಎರಡೂ ದಂಡೆಗಳ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಮನೆಗಳನ್ನು ಬಿಟ್ಟು ಬೇರೆಡೆಗೆ ಹೋದರು. ಬಲದಂಡೆಯ ನಾರಾಯಣದೇವರಕೆರೆಯಂಥ ದೊಡ್ಡ ಊರು ನೀರುಪಾಲಾಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು.

ಅಂದು ತಾಯಿಯ ಕೈಹಿಡಿದು ಊರು ಬಿಟ್ಟ ಮಕ್ಕಳು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಊರು ಬಿಡುವುದೋ ಬೇಡವೋ ಎಂಬ ತೀರ್ಮಾನ ಅವರ ಹೆತ್ತವರ ಕೈಯಲ್ಲಿ ಇರಲಿಲ್ಲ. ಹತ್ತು ಜನರ ಒಳಿತಿಗಾಗಿ ಆ ತೀರ್ಮಾನ ಬೇರೆಲ್ಲೋ ಆಯಿತು. ಮನೆ ಎಂಬುದು ಗೋಡೆ ಮಾಡುಗಳ ಮೊತ್ತವಲ್ಲವೆಂಬುದನ್ನು ಇಂಥವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಗೋಡೆಗೆ ಪರಿಹಾರ ದೊರೆಯಬಹುದು. ಜಗಲಿಯ ಮೇಲೆ ಸಂಜೆ ಕುಳಿತು ಮಾತಾಡುತ್ತಿದ್ದ ನೆರೆಹೊರೆಗೆ, ಊರ ಬಾವಿಯ ದಾರಿಗೆ, ಮನೆಯ ಮುಂದಿನ ಬೇವಿನ ನೆರಳಿಗೆ ಪರಿಹಾರವಿಲ್ಲ. ಚಿಕ್ಕಂದಿನಲ್ಲಿ ಹೀಗೆ ಒಂದು ಮನೆ ಕಳೆದುಕೊಂಡವರು ಮುಪ್ಪಿನಲ್ಲಿ ಮತ್ತೊಮ್ಮೆ, ಈ ಬಾರಿ ತಮ್ಮ ಮಕ್ಕಳ ಕೈಯಿಂದಲೇ, ‘ನಿಮ್ಮ ಒಳ್ಳೆಯದಕ್ಕೇ’ ಎಂಬ ಮಾತನ್ನು ಕೇಳಬೇಕಾಗಿ ಬಂದರೆ ಅವರ ಮನಸ್ಸಿಗೆ ಏನೆನಿಸೀತು?

ಮುನಿರಾಬಾದಿನಲ್ಲಿಯೋ ಪಕ್ಕದ ಹುಲಿಗಿಯಲ್ಲಿಯೋ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿ ಒಬ್ಬಳೇ ಇದ್ದಾಳೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅವನು ಒಳ್ಳೆಯ ಮಗ, ತಾಯಿಯನ್ನು ಮರೆತವನಲ್ಲ. ಹುಲಿಗೆಮ್ಮನ ಜಾತ್ರೆಗೆಂದು ಬಂದವನು ತಾಯಿ ಗೋಡೆ ಹಿಡಿದು ನಡೆಯುವುದನ್ನು ಕಂಡು ನೊಂದುಕೊಂಡ. ರಜೆ ಮುಗಿಯುವ ಮೊದಲೇ ಎಲ್ಲವನ್ನೂ ಸರಿಪಡಿಸಬೇಕೆಂದು ಕೆಲಸಗಾರರನ್ನು ಕರೆಸಿದ. ಹಳೆಯ ನೆಲದ ಮೇಲೆ ಹೊಳೆಯುವ ಟೈಲ್ಸ್ ಬಂದವು. ಮನೆಯ ಮುಂದಿನ ಕಟ್ಟೆಯನ್ನು ಒಡೆದು ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕುವಂತೆ ಮಾಡಿಸಿದ. ತಾಯಿಯ ಮಂಚ ಪಡಸಾಲೆಯಿಂದ ಹಿಂದಿನ ಕೋಣೆಗೆ ಹೋಯಿತು. ಅಲ್ಲಿಂದ ಬಚ್ಚಲು ಹತ್ತಿರವೆಂಬುದು ಅವನ ಲೆಕ್ಕ. ಮೂಲೆಯಲ್ಲೊಂದು ಕ್ಯಾಮೆರಾ ಕೂಡಿಸಿದ. ಬೆಂಗಳೂರಿನಲ್ಲಿ ಕುಳಿತೇ ಮೊಬೈಲಿನಲ್ಲಿ ತಾಯಿಯನ್ನು ನೋಡಬಹುದೆಂದು ಅವನಿಗೆ ಸಮಾಧಾನವಾಯಿತು.

ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಅವನು ಕಂಡದ್ದೇ ಬೇರೆ. ಕ್ಯಾಮೆರಾದ ಮೇಲೆ ಹಳೆಯ ಸೀರೆಯ ತುಂಡೊಂದು ಇಳಿಬಿದ್ದಿತ್ತು. ಮಂಚ ಹಿಂದಿನ ಕೋಣೆಯಲ್ಲಿಯೇ ಇತ್ತು, ಆದರೆ ತಾಯಿ ಪಡಸಾಲೆಯ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದಳು. ಹೊಸ ನೆಲದ ಮೇಲೆ ಹನಿ ನೀರು ಬಿದ್ದರೂ ಜಾರುವುದೆಂದು ಮೊದಲಿಗಿಂತ ಹೆಚ್ಚು ಹೆದರಿ ಹೆಜ್ಜೆಯಿಡುತ್ತಿದ್ದಳು. ಸಂಜೆ ಬಂದು ಕೂರುತ್ತಿದ್ದ ನೆರೆಯ ಹೆಂಗಸರಿಗೆ ಈಗ ಕಟ್ಟೆಯೂ ಇರಲಿಲ್ಲ, ಬೀಗ ಹಾಕಿದ ಗೇಟಿನಾಚೆ ನಿಂತು ಕೂಗುವ ಮನಸ್ಸೂ ಇರಲಿಲ್ಲ. ಮಗ ಬೇಸರದಿಂದ ಕಾರಣ ಕೇಳಿದಾಗ ತಾಯಿ ಹೇಳಿದ್ದು ಇಷ್ಟು: “ಯಪ್ಪಾ, ನೀ ಮಾಡಿಸಿದ್ದೆಲ್ಲಾ ಚೊಲೋ ಐತಿ. ಆದ್ರ ಈಗ ಈ ಮನಿ ನಿಂದು ಅನಸ್ತೈತಿ, ನಂದು ಅನಸವಲ್ದು.”

ಆ ತಾಯಿಯನ್ನು ಮೊದಲೇ ಕೇಳಿದ್ದರೆ ಅವಳು ಬಹುಶಃ ಮೂರೇ ಕೆಲಸ ಹೇಳುತ್ತಿದ್ದಳು: ಬಚ್ಚಲಿನ ಗೋಡೆಗೆ ಹಿಡಿದುಕೊಂಡು ಏಳಲು ಒಂದು ಗಟ್ಟಿಯಾದ ಸರಳು, ಮಲಗಿದ ಜಾಗದಲ್ಲಿಯೇ ಕೈಗೆ ಸಿಗುವ ದೀಪದ ಸ್ವಿಚ್ಚು, ಕಟ್ಟೆ ಹತ್ತಲು ಮೊದಲಿನ ಎತ್ತರದ ಮೆಟ್ಟಿಲಿನ ಮುಂದೆ ಇನ್ನೊಂದು ತಗ್ಗು ಮೆಟ್ಟಿಲು. ಮಗ ಮಾಡಿದ ವೆಚ್ಚದ ಹತ್ತರಲ್ಲೊಂದು ಪಾಲು ಇಷ್ಟಕ್ಕೆ ಸಾಕಾಗುತ್ತಿತ್ತು. ಅವನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಪ್ರಶ್ನೆಯಲ್ಲಿ.

ಹಾಗೆಂದು ಮಗನ ಭಯ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅವನ ಭಯಕ್ಕೆ ಬಲವಾದ ಆಧಾರವಿದೆ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವಘಡದ ಸಾವುಗಳಲ್ಲಿ ರಸ್ತೆಯ ಅಪಘಾತವನ್ನು ಬಿಟ್ಟರೆ ಎರಡನೆಯ ಸ್ಥಾನ ಬೀಳುವಿಕೆಯದೇ. ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ವಯಸ್ಸಾದಂತೆ ಎಲುಬಿನ ಸಾಂದ್ರತೆ ಕುಗ್ಗುತ್ತದೆ. ತರುಣನು ಬಿದ್ದು ಎದ್ದು ಮಣ್ಣು ಕೊಡವಿಕೊಂಡು ಹೋಗುವ ಪೆಟ್ಟಿಗೆ ಹಿರಿಯರ ತೊಡೆಯ ಎಲುಬು ಮುರಿಯುತ್ತದೆ. ಬೆಳಕಿನಿಂದ ಕತ್ತಲೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳಿಂದ, ಮಲಗಿದವರು ಥಟ್ಟನೆ ಎದ್ದು ನಿಂತರೆ ತಲೆ ಸುತ್ತುವುದುಂಟು. ಇದರ ಮೇಲೆ ರಾತ್ರಿ ಎರಡು ಮೂರು ಸಲ ಎದ್ದು ಹೋಗಬೇಕಾದ ತೊಂದರೆ. ಅರೆನಿದ್ದೆ, ಕತ್ತಲೆ, ಒದ್ದೆ ನೆಲ, ಅವಸರ ಇವು ನಾಲ್ಕೂ ಕೂಡುವ ಆ ಹತ್ತು ಹೆಜ್ಜೆಯ ದಾರಿಯೇ ಮುಪ್ಪಿನ ಮನೆಯಲ್ಲಿ ಎಲ್ಲಕ್ಕಿಂತ ಅಪಾಯದ ದಾರಿ.

ಇಷ್ಟು ಅಪಾಯವಿದ್ದರೂ ಹಿರಿಯರು ಅದನ್ನು ಹೇಳಿಕೊಳ್ಳುವುದು ಅಪರೂಪ. ಜಾರಿದ್ದನ್ನು, ಎಡವಿದ್ದನ್ನು, ಒಂದು ಗಳಿಗೆ ಕಣ್ಣಿಗೆ ಕತ್ತಲೆ ಬಂದದ್ದನ್ನು ಅವರು ಮುಚ್ಚಿಡುತ್ತಾರೆ. ಮೊಣಕಾಲಿನ ಗಾಯವನ್ನು ಸೀರೆಯ ನೆರಿಗೆ ಮುಚ್ಚುತ್ತದೆ; ಮುಂಗೈಯ ಬಾವಿಗೆ ‘ಕೊಡ ಎತ್ತುವಾಗ ಉಳುಕಿತು’ ಎಂಬ ಕಾರಣ ಹುಟ್ಟುತ್ತದೆ. ಇದನ್ನು ಕಿರಿಯರು ಹಟವೆನ್ನುತ್ತಾರೆ. ಆದರೆ ಸ್ವಲ್ಪ ಆಳವಾಗಿ ನೋಡಿದರೆ ಅಲ್ಲಿ ಹಟಕ್ಕಿಂತ ಹೆಚ್ಚಾಗಿ ಭಯವಿದೆ. ಬಿದ್ದ ಸುದ್ದಿ ತಿಳಿದರೆ ಒಲೆಯ ಬಳಿ ಹೋಗಬೇಡವೆನ್ನುತ್ತಾರೆ. ಆಮೇಲೆ ಬಾವಿಯ ಕಡೆಗೆ ಬೇಡ, ಗುಡಿಯ ಕಡೆಗೆ ಬೇಡ. ಕೊನೆಗೆ ಈ ಮನೆಯೇ ಬೇಡ, ಊರು ಬಿಟ್ಟು ಬಾ ಎನ್ನುತ್ತಾರೆ. ಒಂದು ಸಲ ಜಾರಿದ ಮಾತನ್ನು ಹೇಳಿದರೆ ಇಡೀ ಮನೆ ಕೈಬಿಟ್ಟು ಹೋದೀತೆಂಬ ಲೆಕ್ಕಾಚಾರ ಅವರ ಮೌನದ ಹಿಂದಿದೆ.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸುರಕ್ಷೆಯ ಹೆಸರಿನಲ್ಲಿ ಹಿರಿಯರ ಸ್ವಾತಂತ್ರ್ಯವನ್ನು ಎಷ್ಟು ಮೊಟಕು ಮಾಡಲಾಗುವುದೋ ಅಷ್ಟರ ಮಟ್ಟಿಗೆ ಅವರು ಅಪಾಯವನ್ನು ಮರೆಮಾಡುತ್ತಾರೆ. ಮರೆಯಾದ ಅಪಾಯ ಕಂಡ ಅಪಾಯಕ್ಕಿಂತ ದೊಡ್ಡದು. ಹೇಳಿದರೆ ಶಿಕ್ಷೆಯಾಗುವುದೆಂಬ ಭಯವಿರುವ ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ತನಗೆ ಲೆಕ್ಕ ತಿಳಿಯಲಿಲ್ಲವೆಂದು ಎದ್ದು ನಿಂತು ಹೇಳುವುದಿಲ್ಲ. ಮನೆಯ ಹಿರಿಯರದೂ ಅದೇ ಸ್ಥಿತಿ. ಆದುದರಿಂದ ಅವರು ನಿರ್ಭಯವಾಗಿ ‘ನಿನ್ನೆ ಜಾರಿದೆ’ ಎಂದು ಹೇಳಬಲ್ಲ ಮನೆಯೇ ಮೊದಲನೆಯ ಸುರಕ್ಷಿತ ಮನೆ. ಸರಳು, ದೀಪ, ಮೆಟ್ಟಿಲುಗಳೆಲ್ಲ ಆಮೇಲಿನವು.

ಸುರಕ್ಷೆ ಎಂಬ ಒಂದೇ ಮಾತನ್ನು ಕಿರಿಯರೂ ಹಿರಿಯರೂ ಬೇರೆಬೇರೆ ಅರ್ಥದಲ್ಲಿ ಬಳಸುತ್ತಾರೆ. ಕಿರಿಯರಿಗೆ ಸುರಕ್ಷೆಯೆಂದರೆ ಬೀಗ, ಗೇಟು, ಕ್ಯಾಮೆರಾ, ಆಸ್ಪತ್ರೆಗೆ ಹತ್ತಿರವಿರುವುದು. ಹಿರಿಯರಿಗೆ ಸುರಕ್ಷೆಯೆಂದರೆ ಕೂಗಿದರೆ ಓಗೊಡುವ ನೆರೆಮನೆ, ಬೆಳಗ್ಗೆ ಬಾಗಿಲು ತೆರೆಯದಿದ್ದರೆ ‘ಯಾಕ ಇನ್ನೂ ಎದ್ದಿಲ್ಲ?’ ಎಂದು ಬಂದು ಕೇಳುವ ಓಣಿ, ತಮ್ಮ ಕೈಯಿಂದಲೇ ತಮ್ಮ ಕೆಲಸ ಮಾಡಿಕೊಳ್ಳುವ ಧೈರ್ಯ. ಒಳಗಿನಿಂದ ಭದ್ರವಾಗಿ ಚಿಲಕ ಹಾಕಿಕೊಂಡ ಮನೆ ಕಳ್ಳನಿಗೆ ಕಷ್ಟ. ಆದರೆ ಒಳಗೆ ಬಿದ್ದವರನ್ನು ಎತ್ತಲು ಬರುವವರಿಗೂ ಅಷ್ಟೇ ಕಷ್ಟ. ಒಂದು ಬೀಗದ ಕೈಯನ್ನು ನಂಬಿಕೆಯ ನೆರೆಯವರ ಬಳಿ ಇಡುವ ಹಳೆಯ ವಾಡಿಕೆಯಲ್ಲಿ ಎರಡು ಬಗೆಯ ಸುರಕ್ಷೆಯೂ ಕೂಡಿಬಂದಿವೆ.

ಅನುಕೂಲದ ಮಾತೂ ಹೀಗೆಯೇ. ಕುಷ್ಟಗಿ, ಯಲಬುರ್ಗಾಗಳ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಕಾಣಸಿಗುತ್ತವೆ. ದಪ್ಪನೆಯ ಗೋಡೆ ಬೇಸಗೆಯ ಉರಿಯನ್ನು ಒಳಗೆ ಬಿಡುವುದಿಲ್ಲ. ಮುಂಗಡೆಯ ಕಟ್ಟೆ ಕುಳಿತು ಏಳಲು ತಕ್ಕ ಎತ್ತರದಲ್ಲಿರುತ್ತದೆ. ಅಲ್ಲಿ ಕುಳಿತವರಿಗೆ ಓಣಿಯೆಲ್ಲ ಕಾಣುತ್ತದೆ. ಓಣಿಗೆ ಅವರು ಕಾಣುತ್ತಾರೆ. ಯಾವ ಕ್ಯಾಮೆರಾವೂ ಇದಕ್ಕಿಂತ ಚೆನ್ನಾಗಿ ಕಾಯಲಾರದು. ಕ್ಯಾಮೆರಾ ನೋಡುತ್ತದೆ, ಆದರೆ ಮಾತಾಡಿಸುವುದಿಲ್ಲ. ಕಟ್ಟೆಯ ಮುಂದೆ ಹಾಯುವವನು ನೋಡಿಯೂ ನೋಡುತ್ತಾನೆ, ‘ಊಟ ಆತೇನಬೇ?’ ಎಂದೂ ಕೇಳುತ್ತಾನೆ. ಸೆಗಣಿ ಸಾರಿಸಿ ಒಣಗಿದ ನೆಲ ಕಾಲು ಜಾರಿಸುವುದಿಲ್ಲ. ಹೀಗೆ ಹಳೆಯ ಮನೆಯಲ್ಲಿ ಹೇಳದೆ ಅಡಗಿರುವ ಜಾಣತನ ಬಹಳ.

ಆದರೆ ಹಳೆಯದೆಲ್ಲವೂ ಹೊನ್ನೆಂದು ಭಾವಿಸುವುದು ಸತ್ಯಕ್ಕೆ ದೂರ. ಅದೇ ಮನೆಯಲ್ಲಿ ದನ ಕಟ್ಟುವ ತಗ್ಗಿನಿಂದ ಪಡಸಾಲೆಗೆ ಏರುವ ಎತ್ತರ ಮುದಿಕಾಲಿಗೆ ಮುಳುವಾಗುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಬರುವ ಬೆಳಕು ನಡುಮನೆಯ ಮೂಲೆಗಳಿಗೆ ಸಾಲದು. ನೆಲದ ಮೇಲಿನ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಹೊಗೆ ಕುಡಿಯುವುದು ಯಾವ ವಯಸ್ಸಿಗೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಶೌಚಾಲಯವಿಲ್ಲದ ಮನೆಯ ಮುದುಕಿ ನಸುಕಿನ ಕತ್ತಲೆಯಲ್ಲಿ ತಂಬಿಗೆ ಹಿಡಿದು ಬಯಲಿಗೆ ನಡೆಯುತ್ತಿದ್ದ ಕಾಲವನ್ನು ಯಾರೂ ಹೊಗಳಲಾರರು. ಹಗಲೆಲ್ಲ ನೀರು ಕುಡಿಯದೆ, ಹೊಟ್ಟೆತುಂಬ ಉಣ್ಣದೆ ದೇಹವನ್ನು ಕಟ್ಟಿಹಾಕಿಕೊಂಡ ಹಿರಿಯ ಹೆಣ್ಣುಮಕ್ಕಳ ಪಾಡು ಹೇಳತೀರದು. ಮನೆಯೊಳಗೆ ಶೌಚಾಲಯ, ನಲ್ಲಿಯ ನೀರು, ಅಡುಗೆಯ ಅನಿಲ, ವಿದ್ಯುತ್ತಿನ ದೀಪ ಬಂದದ್ದು ಹಿರಿಯರಿಗೆ ದೊರೆತ ದೊಡ್ಡ ಬಿಡುಗಡೆ. ಇವುಗಳನ್ನು ಹಿರಿಯರು ಬೇಡವೆಂದಿಲ್ಲ. ಹೊಸತನ್ನು ಕಂಡರೆ ಅವರಿಗಾಗದೆಂಬ ಮಾತು ಅರ್ಧ ಸುಳ್ಳು. ತಮ್ಮ ಕೈಯಲ್ಲಿ ಉಳಿಯುವ ಹೊಸತನ್ನು ಅವರು ಸಂತೋಷದಿಂದ ಬರಮಾಡಿಕೊಳ್ಳುತ್ತಾರೆ. ತಮ್ಮನ್ನು ಕೈಲಾಗದವರೆಂದು ಸಾರುವ ಹೊಸತನ್ನು ದೂರವಿಡುತ್ತಾರೆ.

ಹೊಸ ಮನೆಗಳ ಕಡೆಗೆ ತಿರುಗಿದರೆ ಅಲ್ಲಿಯ ಅನುಕೂಲಗಳಲ್ಲಿ ಎಷ್ಟೋ ಕಣ್ಣಿಗೆ ಮಾತ್ರ ಅನುಕೂಲ. ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲ ಬಂದ ನೆಂಟರ ಮೆಚ್ಚುಗೆಗೆ ಪಾತ್ರವಾಗುತ್ತದೆ. ಮಂದಗಣ್ಣಿನವರಿಗೆ ಅದರ ಮೇಲೆ ಬಿದ್ದ ನೀರೂ ನೆಲದ ಹೊಳಪೂ ಒಂದೇ ಆಗಿ ತೋರುತ್ತವೆ. ನೆಲದ ಬಣ್ಣವೇ ಮೆಟ್ಟಿಲಿಗೂ ಇದ್ದರೆ ಎಲ್ಲಿ ಮೆಟ್ಟಿಲು ಮುಗಿಯಿತೆಂಬುದು ತಿಳಿಯುವುದಿಲ್ಲ. ಮಂಡಿ ಹಿಡಿದವರು ಕುಕ್ಕುರಿಸುವ ಶೌಚಾಲಯದಲ್ಲಿ ಕುಳಿತರೆ ಏಳುವುದೇ ಸಾಹಸ. ಅಲ್ಲಿ ಕಮೋಡ್ ಇದ್ದು, ಪಕ್ಕದ ಗೋಡೆಗೆ ಹಿಡಿದು ಏಳಲು ಸರಳು ಇಲ್ಲದಿದ್ದರೆ ಅರ್ಧ ಅನುಕೂಲವಷ್ಟೇ ಆಯಿತು. ಮನೆ ಕಟ್ಟಿಸುವವರು ತೋರಿಕೆಯ ಕಂಬಗಳಿಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ಬಚ್ಚಲಿನ ನೆಲಕ್ಕೆ ಕೊಟ್ಟರೆ ಎಷ್ಟೋ ಎಲುಬುಗಳು ಉಳಿದಾವು. ಮನೆ ಕಟ್ಟಿಸುವ ತರುಣನೂ ಒಂದು ದಿನ ಆ ಮನೆಯಲ್ಲಿಯೇ ಮುದುಕನಾಗುತ್ತಾನೆ ಎಂಬುದನ್ನು ಮರೆಯಬಾರದು.

ಹೊರ ಜಗತ್ತು ಈ ವಿಷಯದಲ್ಲಿ ಕಂಡುಕೊಂಡ ದಾರಿಗಳೂ ಗಮನಿಸತಕ್ಕವು. ಹಿರಿಯರ ಪ್ರಮಾಣ ಬಹಳವಾಗಿರುವ ಜಪಾನಿನಲ್ಲಿ 2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ದೀರ್ಘಕಾಲದ ಆರೈಕೆಯ ವಿಮೆ ಜಾರಿಗೆ ಬಂದಿತು. ಆರೈಕೆ ಬೇಕೆಂದು ನಿರ್ಣಯವಾದ ಹಿರಿಯರು ಇರುವ ಮನೆಯಲ್ಲಿ ಗೋಡೆಗೆ ಹಿಡಿಸರಳು ಹಾಕಿಸಲು, ನೆಲದ ಏರುತಗ್ಗು ತೆಗೆಸಲು, ಜಾರದ ನೆಲ ಹಾಕಿಸಲು, ಶೌಚಾಲಯ ಬದಲಿಸಲು 2 ಲಕ್ಷ ಯೆನ್ ವರೆಗಿನ ವೆಚ್ಚಕ್ಕೆ ಆ ವಿಮೆಯ ನೆರವು ದೊರೆಯುತ್ತದೆ. ಹಿರಿಯರನ್ನು ಮನೆಯಿಂದ ಕೀಳುವುದಕ್ಕಿಂತ ಮನೆಯನ್ನು ಹಿರಿಯರಿಗೆ ಹೊಂದಿಸುವುದು ಲೇಸೆಂಬ ತಿಳಿವಳಿಕೆ ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹಿರಿಯಸ್ನೇಹಿ ನಗರಗಳ ಬಗ್ಗೆ ಕೈಪಿಡಿಯೊಂದನ್ನು ಹೊರತಂದಿತು. ಅದನ್ನು ಬರೆಯುವ ಮೊದಲು ಹಲವು ದೇಶಗಳ 33 ನಗರಗಳಲ್ಲಿ ಹಿರಿಯರನ್ನೇ ಕೂಡಿಸಿ ಮಾತನಾಡಿಸಲಾಯಿತು. ಭಾರತದ ದೆಹಲಿ, ಉದಯಪುರಗಳೂ ಅವುಗಳಲ್ಲಿ ಸೇರಿದ್ದುವು. ಜಗತ್ತಿನ ದೊಡ್ಡ ಸಂಸ್ಥೆಯೊಂದು ಹಿರಿಯರ ಬಳಿಗೆ ಬಂದು ಕೇಳಬಹುದಾದರೆ ಮನೆಯ ಮಗ ತನ್ನ ತಾಯಿಯನ್ನು ಕೇಳುವುದು ಕಷ್ಟವಾಗಬಾರದು.

ಭಾರತದಲ್ಲಿ 2011ರ ಜನಗಣತಿಯಂತೆ ಅರವತ್ತು ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆ ಬಂದಿತು. ಆ ಕಾಯಿದೆಯು ಪೋಷಣೆಯೆಂಬ ಮಾತಿನಲ್ಲಿ ಅನ್ನ, ಬಟ್ಟೆ, ಔಷಧೋಪಚಾರಗಳ ಜೊತೆಗೆ ವಾಸದ ಮನೆಯನ್ನೂ ಸೇರಿಸಿದೆ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಹಿರಿಯರಿಂದ ಮನೆ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಆ ಬರವಣಿಗೆಯನ್ನು ರದ್ದುಪಡಿಸುವ ಅವಕಾಶವನ್ನೂ ಕೊಟ್ಟಿದೆ. ತೊಂದರೆಯಲ್ಲಿರುವ ಹಿರಿಯರು ಕರೆಮಾಡಲು 14567 ಎಂಬ ಸಹಾಯವಾಣಿಯೂ ಇದೆ. ಇವೆಲ್ಲ ಬೇಕಾದುವೇ. ಆದರೆ ಕಾಯಿದೆ ಮನೆಯನ್ನು ಉಳಿಸಿಕೊಡಬಲ್ಲದೇ ಹೊರತು ಆ ಮನೆಯೊಳಗಿನ ಮಾತುಕತೆಯನ್ನು ಉಳಿಸಿಕೊಡಲಾರದು.

ಹಿರಿಯರನ್ನು ಕೇಳಬೇಕೆಂದರೆ ಅವರು ಹೇಳಿದ್ದೇ ಕೊನೆಯ ಮಾತೆಂದು ಅರ್ಥವಲ್ಲ. ಅವರಿಗೂ ಒಂದು ಕರ್ತವ್ಯವಿದೆ. ಕಾಲು ಸೋತಿದೆಯೆಂಬ ನಿಜವನ್ನು ಒಪ್ಪಿಕೊಳ್ಳುವುದು ಅವಮಾನವಲ್ಲ. ಅಟ್ಟದ ಮೇಲಿನ ಪಾತ್ರೆ ಇಳಿಸಲು ಏಣಿ ಹತ್ತುವುದು ಧೈರ್ಯವಲ್ಲ, ಅವಿವೇಕ. ಊರುಗೋಲು ಹಿಡಿದರೆ ಜನ ಮುದುಕರೆಂದಾರು ಎಂದು ಅದನ್ನು ಬಾಗಿಲ ಹಿಂದೆ ಬಚ್ಚಿಡುವವರು ಒಂದು ದಿನ ಹಾಸಿಗೆ ಹಿಡಿದು ತಮ್ಮ ಸ್ವಾತಂತ್ರ್ಯವನ್ನೆಲ್ಲ ಒಮ್ಮೆಗೇ ಕಳೆದುಕೊಳ್ಳುತ್ತಾರೆ. ಬಿದ್ದವರ ಆರೈಕೆಯ ಹೊರೆ ಹೊರಬೇಕಾದವರು ಸೊಸೆಯೋ ಮಗಳೋ ಆಗಿರುವುದರಿಂದ ಅವರ ಮಾತಿಗೂ ಬೆಲೆಯಿರಬೇಕು. ಮರೆವಿನ ರೋಗದಿಂದ ಒಲೆ ಆರಿಸುವುದನ್ನು ಮರೆಯುವಂಥವರ ವಿಷಯದಲ್ಲಿ ಕಿರಿಯರು ಮುಂದಾಗಿ ತೀರ್ಮಾನ ಕೈಗೊಳ್ಳಲೇಬೇಕಾಗುತ್ತದೆ. ಅಂಥಲ್ಲಿಯೂ ಏನು ಮಾಡುತ್ತಿದ್ದೇವೆ, ಏತಕ್ಕೆ ಮಾಡುತ್ತಿದ್ದೇವೆ ಎಂಬುದನ್ನು ಅವರಿಗೆ ತಿಳಿಯುವಂತೆ ಹೇಳಿ ಮಾಡುವುದಕ್ಕೂ ಹೇಳದೆ ಮಾಡುವುದಕ್ಕೂ ಅಂತರವಿದೆ.

ಮುನಿರಾಬಾದಿನ ಜನರಿಗೆ ಈ ಪಾಠವನ್ನು ಅವರ ಅಣೆಕಟ್ಟೇ ಒಮ್ಮೆ ಕಲಿಸಿತು. 2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಭೋರ್ಗರೆದು ಹರಿಯತೊಡಗಿತು. ಎಪ್ಪತ್ತು ವರ್ಷ ನೀರನ್ನು ತಡೆದ ಅಣೆಕಟ್ಟು ಹಳೆಯದಾಯಿತೆಂದು ಯಾರೂ ಅದರ ಕೈಬಿಡಲಿಲ್ಲ. ತೊಂದರೆ ಇದ್ದದ್ದು ಎಲ್ಲಿ ಎಂದು ನೋಡಿದರು. ಅಲ್ಲಿಗೆ ಮಾತ್ರ ಆಸರೆ ಕೊಟ್ಟರು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಆ ಕೆಲಸಕ್ಕೆ ಮಾರ್ಗದರ್ಶನ ಮಾಡಿದವರು ಎಪ್ಪತ್ತು ದಾಟಿದ, ನಿವೃತ್ತರಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು.

ಈ ಘಟನೆಯಲ್ಲಿ ಮುಪ್ಪಿನ ಮನೆಗೆ ಸಲ್ಲುವ ಮೂರು ಮಾತುಗಳಿವೆ. ವಯಸ್ಸೇ ದೋಷವಲ್ಲ; ಸವೆದ ಸರಪಳಿ ಯಾವುದೆಂದು ಕಂಡುಹಿಡಿಯದಿರುವುದು ದೋಷ. ಆಸರೆ ಕೊಡುವುದೆಂದರೆ ಹರಿವನ್ನೇ ನಿಲ್ಲಿಸುವುದಲ್ಲ. ನಡೆಯುತ್ತಿರುವ ಬದುಕಿನ ನಡುವೆಯೇ, ಬೇಕಾದಷ್ಟನ್ನು ಬೇಕಾದ ಕಡೆಗೆ ಕೊಡುವುದು. ಮೂರನೆಯದಾಗಿ, ಬಹುಕಾಲದ ಅನುಭವವುಳ್ಳವರನ್ನು ಕರೆದು ಕೇಳಿದರೆ ಕಷ್ಟಕಾಲದಲ್ಲಿ ಅದು ಕೈಬಿಡುವುದಿಲ್ಲ. ಮನೆಯ ವಿಷಯದಲ್ಲಿ ಅಂಥ ಅನುಭವವುಳ್ಳವರು ಆ ಮನೆಯಲ್ಲಿ ಐವತ್ತು ವರ್ಷ ನಡೆದಾಡಿದವರೇ.

ಹತ್ತನೆಯ ತರಗತಿಯನ್ನೂ ಮುಟ್ಟದ ವಿದ್ಯಾರ್ಥಿಗೆ ಮನೆ ಕಟ್ಟಿಸುವ ಅಧಿಕಾರವಿಲ್ಲ, ಹಣವೂ ಇಲ್ಲ. ಆದರೆ ಕೇಳಲು ಹಣ ಬೇಕಾಗಿಲ್ಲ. ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರ ಜೊತೆಗೆ ಮಲಗುವ ಜಾಗದಿಂದ ಬಚ್ಚಲಿನವರೆಗೆ ನಿಧಾನವಾಗಿ ನಡೆದು ನೋಡಬಹುದು. ಅವರು ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಅರೆಗಳಿಗೆ ನಿಲ್ಲುತ್ತಾರೆ, ಯಾವ ಮೆಟ್ಟಿಲಿನ ಮುಂದೆ ಉಸಿರು ಬಿಗಿಹಿಡಿಯುತ್ತಾರೆ ಎಂಬುದು ಕಂಡೀತು. ದಾರಿಗಡ್ಡವಾದ ಕಾಲೊರಸಿನ ಚಿಂದಿಯನ್ನು ಎತ್ತಿಡುವುದು, ದಿನವೂ ಬೇಕಾಗುವ ಡಬ್ಬಿಯನ್ನು ಕೆಳಗಿನ ಮಾಡಕ್ಕೆ ಇಳಿಸುವುದು, ಒದ್ದೆಯಾದ ನೆಲವನ್ನು ಒಡನೆ ಒರಸುವುದು ಇವು ಹುಡುಗರ ಕೈಗೇ ಆಗುವ ಕೆಲಸಗಳು. ಉಳಿದುದನ್ನು ಮನೆಯ ದೊಡ್ಡವರಿಗೆ ತಿಳಿಸಬಹುದು.

ನಡೆದು ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: “ಈ ಮನೆಯಲ್ಲಿ ನಿಮಗೆ ಎಲ್ಲಿ ಅಂಜಿಕೆಯಾಗುತ್ತದೆ, ಎಲ್ಲಿ ಹಿತವೆನಿಸುತ್ತದೆ?” ಮೊದಲನೆಯ ದಿನ ಉತ್ತರ ಬರಲಿಕ್ಕಿಲ್ಲ, ‘ನನಗೇನಾಗೈತಿ?’ ಎಂದು ನಕ್ಕುಬಿಡಬಹುದು. ಮತ್ತೆ ಕೇಳಬೇಕು. ಅಂಜಿಕೆಯ ಜಾಗಕ್ಕೆ ಒಂದು ಆಸರೆ ಬರಲಿ. ಹಿತದ ಜಾಗವನ್ನು ಯಾರೂ ಕೆಡವದಿರಲಿ. ಆಗ ಆ ಮನೆ ಹಿರಿಯರನ್ನೂ ಕಾಯುತ್ತದೆ, ಹಿರಿಯರ ಮನೆಯಾಗಿಯೂ ಉಳಿಯುತ್ತದೆ.